ಹಗಲ ತಂಪು, ಇರುಳ ತಂಪು: ವಿಜಯಪುರ ಸೀಮೆಯ ಮನೆಗಳ ಬೇಸಿಗೆ ಪ್ರಶ್ನೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳಲ್ಲಿ ಹೊಸ ಮನೆಯ ಮಾತು ಬಂದಾಗಲೆಲ್ಲ ಒಂದು ಹಳೆಯ ತಕರಾರು ಏಳುತ್ತದೆ. ಮಣ್ಣಿನ ಮಾಳಿಗೆಯಷ್ಟು ತಂಪು ಬೇರೆ ಯಾವ ಮನೆಯೂ ಇಲ್ಲ, ಸ್ಲ್ಯಾಬ್ ಮನೆ ಸಂಜೆಯಾದರೆ ಕುದಿಯುತ್ತದೆ, ಪತ್ರಾಸಿನ (ತಗಡಿನ) ಮನೆಯಲ್ಲಿ ನಡುಮಧ್ಯಾಹ್ನ ಕೂರಲಾಗುವುದಿಲ್ಲ ಎನ್ನುತ್ತದೆ ಒಂದು ಪಕ್ಷ. ಮಾಳಿಗೆ ಸೋರುತ್ತದೆ, ತೊಲೆಗೆ ಗೆದ್ದಲು ಹತ್ತುತ್ತದೆ, ಜಡಿಮಳೆ ಹಿಡಿದರೆ ಮೈಮೇಲೆ ಬೀಳುತ್ತದೆ, ಗಟ್ಟಿ ಮನೆ ಕಟ್ಟಿ ಕೂಲರ್ ಇಟ್ಟರೆ ಆಯಿತು ಎನ್ನುತ್ತದೆ ಇನ್ನೊಂದು. ಎರಡೂ ಪಕ್ಷದ ಮಾತಿಗೆ ಆಧಾರವಿದೆ. ಆದರೂ ವಾದ ಮುಂದೆ ಸಾಗುವುದಿಲ್ಲ. ತಂಪು ಎಂದರೆ ಯಾವ ಹೊತ್ತಿನ ತಂಪು, ಆ ಹೊತ್ತಿನಲ್ಲಿ ಮನೆಯೊಳಗೆ ಇರುವವರು ಯಾರು ಎಂಬ ಪ್ರಶ್ನೆಯನ್ನು ಇಬ್ಬರೂ ಎತ್ತುವುದಿಲ್ಲವೆಂಬುದೇ ಇದಕ್ಕೆ ಕಾರಣವೆಂದು ನನಗನಿಸುತ್ತದೆ. ಗೋಡೆಯ ಮಣ್ಣು, ಛಾವಣಿಯ ಬಣ್ಣ, ಕೂಲರಿನ ನೀರು, ಏಸಿಯ ವಿದ್ಯುತ್ತು, ಇವುಗಳಲ್ಲಿ ಪ್ರತಿಯೊಂದೂ ದಿನದ ಒಂದು ಪಾಲಿಗೆ ಸರಿಯಾದ ಉತ್ತರ, ಇನ್ನೊಂದು ಪಾಲಿಗೆ ಅರೆ ಉತ್ತರ. ಇದುವರೆಗಿನ ಚಿಂತನೆಯನ್ನೆಲ್ಲ ಹೊತ್ತಿನ ಲೆಕ್ಕದಲ್ಲಿ ಮರಳಿ ಜೋಡಿಸಿ ನೋಡುವುದು ಈ ಲೇಖನದ ಉದ್ದೇಶ.

ಬಿಸಿಲು ಬೀಳುವುದು ಎಲ್ಲಿ?

ಈ ನಾಲ್ಕು ಸೀಮೆಗಳು ಸುಮಾರು 16.3ರಿಂದ 17.2 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ ಬರುತ್ತವೆ. ಹಾಗಾಗಿ ಮೇ ತಿಂಗಳ ಮೊದಲ ವಾರದ ಆಸುಪಾಸಿನಲ್ಲಿ, ಅಂದರೆ ಬೇಸಿಗೆ ಏರಿ ನಿಂತ ದಿನಗಳಲ್ಲೇ, ಇಲ್ಲಿ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಮನೆ ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿಲ್ಲ. ಆ ದಿನಗಳಲ್ಲಿ ತೆಂಕಣ ಗೋಡೆಗೆ ಬಿಸಿಲು ಬೀಳುವುದೇ ಇಲ್ಲವೆನ್ನುವಷ್ಟು ಕಡಿಮೆ. ಮೂಡಣ ಗೋಡೆ ಬೆಳಿಗ್ಗೆ, ಪಡುವಣ ಗೋಡೆ ಇಳಿಹೊತ್ತಿನಲ್ಲಿ ಕಾಯುತ್ತವೆ. ಬೆಳಗಿನಿಂದ ಸಂಜೆವರೆಗೆ ಎಡೆಬಿಡದೆ ಕಾಯುವುದು ಛಾವಣಿ ಮಾತ್ರ. ಮೋಡವಿಲ್ಲದ ಏಪ್ರಿಲ್ ಮಧ್ಯಾಹ್ನ ಒಂದು ಚದರ ಮೀಟರ್ ಛಾವಣಿಯ ಮೇಲೆ ಹೆಚ್ಚು ಕಡಿಮೆ 900ರಿಂದ 1,000 ವಾಟ್‌ನಷ್ಟು ಸೂರ್ಯಶಾಖ ಸುರಿಯುತ್ತದೆ. ಮನೆ ತಂಪಾಗಿಡಲು ನೂರು ರೂಪಾಯಿ ಖರ್ಚು ಮಾಡುವುದಿದ್ದರೆ ಅದರ ದೊಡ್ಡ ಪಾಲು ಛಾವಣಿಗೇ ಹೋಗಬೇಕೆಂದು ಹೇಳಲು ಇಷ್ಟು ಲೆಕ್ಕ ಸಾಕು.

ಇಲ್ಲಿನ ಹವೆಯ ಇನ್ನೊಂದು ಗುಣ ಒಣತನ. ಸಮುದ್ರಮಟ್ಟದಿಂದ 500-600 ಮೀಟರ್ ಎತ್ತರದ ಬಯಲು, ಕಡಿಮೆ ಮಳೆ, ತೆರೆದ ಎರೆಭೂಮಿ. ಏಪ್ರಿಲ್-ಮೇ ತಿಂಗಳಲ್ಲಿ ಹಗಲಿನ ಗರಿಷ್ಠ ಉಷ್ಣಾಂಶ 40 ಡಿಗ್ರಿಯ ಹತ್ತಿರ ಹೋಗಿ ನಿಂತರೆ, ಇರುಳಿನದು 25ರ ಆಸುಪಾಸಿಗೆ ಇಳಿಯುತ್ತದೆ. ಈ 15 ಡಿಗ್ರಿ ಅಂತರ ಕರಾವಳಿಯವರಿಗಿಲ್ಲದ ಒಂದು ಸೌಲಭ್ಯ. ಮಂಗಳೂರಿನ ಮನೆಯವರು ತಂಪಿಗಾಗಿ ಗಾಳಿಯನ್ನೇ ನೆಚ್ಚಬೇಕು. ಇಂಡಿಯ ಮನೆಯವರಿಗೆ ಪ್ರತಿ ರಾತ್ರಿ ಹೊರಗೆ ಬಿಟ್ಟಿಯಾಗಿ ತಂಪು ಸಿಗುತ್ತದೆ. ಅದನ್ನು ಹಿಡಿದು ಹಗಲಿಗೆ ಒಯ್ಯುವುದು ಹೇಗೆ ಎಂಬುದೇ ಈ ನಾಡಿನ ಮನೆಗಾರಿಕೆಯ ಹಳೆಯ ಪ್ರಶ್ನೆ.

ಮಾಳಿಗೆ ಮನೆ ನಡೆಯುತ್ತಿದ್ದ ಬಗೆ

ಹಳೆಯ ಉತ್ತರವನ್ನು ಎಲ್ಲರೂ ಬಲ್ಲರು. ಎರಡು-ಎರಡೂವರೆ ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಮರದ ಕಂಬ, ತೊಲೆ, ಜಂತಿ, ಅವುಗಳ ಮೇಲೆ ಹಲಗೆಯನ್ನೋ ಕಟ್ಟಿಗೆಯನ್ನೋ ಹಾಸಿ ಒಂದಡಿಗೂ ಮಿಗಿಲಾದ ಮೇಲ್ಮುದ್ದೆ. ಮೇಲ್ಮುದ್ದೆಗೆ ಎರೆಮಣ್ಣು ನಡೆಯುವುದಿಲ್ಲ. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಸವಳು ಮಣ್ಣು ನೀರು ತಾಕಿದಾಗ ತನ್ನ ಕಣಗಳನ್ನು ಬಿಡಿಬಿಡಿಯಾಗಿಸಿ ರಂಧ್ರಗಳನ್ನು ಮುಚ್ಚಿಕೊಳ್ಳುವುದರಿಂದ ಮೇಲ್ಪದರಕ್ಕೆ ಅದೇ ಬೇಕು. ಹೊಲಕ್ಕೆ ಶಾಪವಾದ ಸವಳು ಮನೆಗೆ ಕೊಡೆಯಾಗಿ ಒದಗಿದ್ದು ಡೋಣಿ ದಂಡೆಯಂಥ ಸೀಮೆಯವರ ಜಾಣ್ಮೆ. ಹೊರಗೋಡೆಗೆ ಕಿಟಕಿಗಳು ಇಲ್ಲವೇ ಇಲ್ಲ ಅಥವಾ ತೀರ ಸಣ್ಣವು. ಬೆಳಕು ಬರುವುದೂ ಕಾದ ಗಾಳಿ ಏರಿ ಹೋಗುವುದೂ ಮಾಳಿಗೆಯ ಬೆಳಕಿಂಡಿಯಿಂದ. ಮನೆಗೆ ಮನೆ ಅಂಟಿಕೊಂಡಿರುವುದರಿಂದ ಬಿಸಿಲಿಗೆ ಮೈಯೊಡ್ಡುವ ಗೋಡೆಗಳೇ ಕಡಿಮೆ.

ಈ ಮನೆಯನ್ನು ಹೊಗಳುವವರು ಸಾಮಾನ್ಯವಾಗಿ ಗೋಡೆಯನ್ನು ಹೊಗಳಿ ನಿಲ್ಲಿಸುತ್ತಾರೆ. ಅರ್ಧ ಸಂಗತಿ ಅಲ್ಲಿ ಬಿಟ್ಟುಹೋಗುತ್ತದೆ. ದಪ್ಪ ಮಣ್ಣು ತಂಪನ್ನು ಹುಟ್ಟಿಸುವುದಿಲ್ಲ. ಹಗಲು ಇರುಳುಗಳ ಉಷ್ಣವನ್ನು ಸರಾಸರಿಗೆ ತಂದು ನಿಲ್ಲಿಸುವುದಷ್ಟೇ ಅದರ ಕೆಲಸ. ಹೊರಗೆ ಮಧ್ಯಾಹ್ನ 40, ನಸುಕಿನಲ್ಲಿ 25 ಇದ್ದರೆ ಒಳಗೆ ಹೊತ್ತು ಹೊತ್ತಿಗೂ 32-33ರ ಸುತ್ತ ಇರುತ್ತದೆ. ಮಧ್ಯಾಹ್ನ ಹೊಲದಿಂದ ಬಂದವರಿಗೆ ಆ 32 ಸ್ವರ್ಗ. ರಾತ್ರಿ ಹತ್ತಕ್ಕೆ, ಹೊರಗೆ ತಂಗಾಳಿ ತೀಡುವಾಗ, ಕಿಟಕಿಯಿಲ್ಲದ ಕೋಣೆಯಲ್ಲಿ ಅದೇ 32 ಸೆಕೆ. ಹಾಗಾಗಿಯೇ ಬೇಸಿಗೆಯಲ್ಲಿ ಜನ ಮಾಳಿಗೆ ಏರಿ, ಅಂಗಳಕ್ಕಿಳಿದು ಮಲಗುತ್ತಿದ್ದರು. ಒಣ ಹವೆಯ ತಿಳಿಯಾದ ಇರುಳಿನಲ್ಲಿ ತೆರೆದ ಮೈ ತನ್ನ ಶಾಖವನ್ನು ಆಕಾಶಕ್ಕೆ ಸೂಸುತ್ತದೆ. ಮಾಳಿಗೆಯ ಮೇಲ್ಮೈ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗಬಲ್ಲದು. ಹೀಗೆ ಹಳೆಯ ಮನೆ ಎಂಬುದು ಎರಡು ಮನೆ: ಹಗಲಿಗೆ ಪಡಸಾಲೆ, ಇರುಳಿಗೆ ಮಾಳಿಗೆ. ತಂಪು ಇದ್ದದ್ದು ಕಟ್ಟಡದಲ್ಲಷ್ಟೇ ಅಲ್ಲ, ಹೊತ್ತಿಗೆ ತಕ್ಕಂತೆ ಮನೆಯೊಳಗೆ ಜಾಗ ಬದಲಿಸುವ ರೂಢಿಯಲ್ಲೂ ಇತ್ತು.

ಈ ಚಿತ್ರಕ್ಕೆ ಎರಡು ಆಕ್ಷೇಪಗಳಿವೆ, ಎರಡೂ ನ್ಯಾಯವಾದವು. ದಪ್ಪ ಗೋಡೆಯ ತೊಲೆಮನೆ ಗೌಡರದು, ದೇಸಾಯರದು, ಹೊಲವುಳ್ಳವರದು. ಕೂಲಿಕಾರರ ಕೇರಿಯಲ್ಲಿ ಇದ್ದದ್ದು ಗುಡಿಸಲು, ಅಥವಾ ತೆಳುಗೋಡೆಯ ಒಂದೇ ಖೋಲಿ. ‘ಹಿಂದೆ ಎಲ್ಲರ ಮನೆಯೂ ತಂಪಾಗಿತ್ತು’ ಎಂಬ ಮಾತು ಆದ್ದರಿಂದ ನಿಜವಲ್ಲ. ಎರಡನೆಯದು, ಮಾಳಿಗೆಯ ಮೇಲೆ ನಿಶ್ಚಿಂತೆಯಿಂದ ಮಲಗುವುದು ಗಂಡಸರಿಗೆ ಸಲೀಸು, ಹೆಣ್ಣುಮಕ್ಕಳಿಗೆ ಅಷ್ಟಲ್ಲ. ಹಗಲು ಒಳಗೆ ಒಲೆಯ ಮುಂದೆ, ಇರುಳೂ ಒಳಗೆ ಮಕ್ಕಳ ಜೊತೆ ಕಳೆದವರಿಗೆ ಹಳೆಯ ಮನೆಯ ಅರ್ಧ ತಂಪು ದಕ್ಕಲೇ ಇಲ್ಲ. ಗಂಟೆಗೆ ಒಂದು ಕಿಲೋ ಕಟ್ಟಿಗೆ ಉರಿಯುವ ಒಲೆ ನಾಲ್ಕು ಕಿಲೋವಾಟ್‌ಗೂ ಹೆಚ್ಚು ಶಾಖ ಬಿಡುತ್ತದೆ. ಒಲೆ ಮನೆಯೊಳಗಿರುವವರೆಗೆ ಗೋಡೆಯ ದಪ್ಪದ ಚರ್ಚೆಗೆ ಅಡುಗೆಮನೆಯಲ್ಲಿ ಬೆಲೆ ಕಡಿಮೆ. 2016ರಲ್ಲಿ ಶುರುವಾದ ಉಜ್ವಲ ಯೋಜನೆಯ ಗ್ಯಾಸಿನ ಮಾತು ಬಂದಾಗ ನಾವು ಹೊಗೆಯ ಬಗ್ಗೆ ಮಾತಾಡುತ್ತೇವೆ, ಈ ಶಾಖದ ಬಗ್ಗೆ ಮಾತಾಡುವುದಿಲ್ಲ.

ಮಾಳಿಗೆ ಹೋಗಿ ಸ್ಲ್ಯಾಬ್ ಬಂದದ್ದು

ಜನ ಮಾಳಿಗೆ ಬಿಟ್ಟದ್ದು ಬರೀ ಶೋಕಿಗಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಸುತ್ತ ಭೂಮಿ ನಡುಗಿತು. ಸತ್ತವರು ಸುಮಾರು 10,000. ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆ ಮತ್ತು ಅದರ ಮೇಲಿದ್ದ ಭಾರದ ಮಣ್ಣಿನ ಛಾವಣಿ, ಅಂದರೆ ಭೀಮೆಯ ಈಚೆ ಇಂಡಿ-ಸಿಂದಗಿಯಲ್ಲಿರುವಂಥದೇ ಮನೆ. ಲೆಕ್ಕ ಹಾಕಿ ನೋಡಿದರೆ ಎದೆ ನಡುಗುತ್ತದೆ: ಒಂದಡಿ ದಪ್ಪದ ಮಣ್ಣು ಚದರ ಮೀಟರಿಗೆ ಅರ್ಧ ಟನ್ನಿಗೆ ಹತ್ತಿರ ತೂಗುತ್ತದೆ, 25 ಚದರ ಮೀಟರಿನ ಸಣ್ಣ ಮನೆಯ ನೆತ್ತಿಯ ಮೇಲೆ 12 ಟನ್. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಮಹಾಮಳೆಯಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಆಮೇಲೆ ‘ಆಸರೆ’ ಯೋಜನೆಯಡಿ ಎದ್ದವು ಕಾಂಕ್ರೀಟ್ ಮನೆಗಳು. ಅದಕ್ಕೂ ಮೊದಲೇ ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಊರು ಕಳೆದುಕೊಂಡ ಕೃಷ್ಣೆಯ ದಂಡೆಯವರು ಪುನರ್ವಸತಿ ಕೇಂದ್ರಗಳಿಗೆ ಹೋಗಿದ್ದರು. ಅಲ್ಲಿ ಮನೆಗಳು ಬಿಡಿಬಿಡಿ, ಅಂಟುಗೋಡೆಯ ನೆರಳಿಲ್ಲ, ಬೆಳೆದ ಬೇವು ಬಸರಿಗಳಿಲ್ಲ. 2021ರಿಂದೀಚೆಗೆ ವಿಜಯಪುರ ಜಿಲ್ಲೆಯಲ್ಲಿ ಲಘು ಭೂಕಂಪನಗಳು ಮತ್ತೆ ಮತ್ತೆ ದಾಖಲಾದಾಗ ಮಣ್ಣಿನ ಮನೆಯವರು ರಾತ್ರಿ ಹೊರಗೆ ಮಲಗಿದ್ದು ತಂಪಿಗಲ್ಲ, ಭಯಕ್ಕೆ. ಮಾಳಿಗೆಯ ಗುಣಗಾನ ಮಾಡುವ ಯಾರೂ ಈ ಸಂಗತಿಗಳನ್ನು ಬದಿಗಿಟ್ಟು ಮಾತಾಡಬಾರದು.

ಸರ್ಕಾರದ ಅಳತೆಗೋಲೂ ಒಂದೇ ದಿಕ್ಕಿಗೆ ದೂಡಿತು. ಜನಗಣತಿಯ ವರ್ಗೀಕರಣದಲ್ಲಿ ತಗಡು ಮತ್ತು ಕಲ್ನಾರಿನ ಹಾಳೆಗಳು ಶಾಶ್ವತ ಛಾವಣಿಯ ಪಟ್ಟಿಗೆ ಸೇರುತ್ತವೆ, ಮಣ್ಣಿನ ಛಾವಣಿ ಸೇರುವುದಿಲ್ಲ. ಬಾಳಿಕೆಯ ದೃಷ್ಟಿಯಿಂದ ಇದು ಒಪ್ಪುವಂಥದೇ. ಆದರೆ ಒಳಗಿನ ಉಷ್ಣಾಂಶ ಎಂಬ ಕಲಮೇ ಇಲ್ಲದಿರುವುದರಿಂದ ಮಾಳಿಗೆ ಕಿತ್ತು ಪತ್ರಾಸು ಹೊದಿಸಿದ ಮನೆ ಲೆಕ್ಕದಲ್ಲಿ ಮೇಲಕ್ಕೇರುತ್ತದೆ. 2016ರಿಂದ ನಡೆದಿರುವ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ಕನಿಷ್ಠ ಅಳತೆ 25 ಚದರ ಮೀಟರ್, ಬಯಲುಸೀಮೆಯಲ್ಲಿ ನೆರವು 1.20 ಲಕ್ಷ ರೂಪಾಯಿ. ಆ ದುಡ್ಡಿನಲ್ಲಿ ಗೋಡೆ ಎದ್ದು ಛಾವಣಿ ಬಿದ್ದರೆ ಸಾಕು ಎನ್ನುವ ಮನೆಯವರು ಶಾಖದ ಚಿಂತೆಯನ್ನು ಮುಂದಕ್ಕೆ ಹಾಕುವುದು ಸಹಜ.

ದಪ್ಪ ಗೋಡೆಯ ಪಕ್ಷ

ಮಣ್ಣಿನ ಪರ ವಾದಕ್ಕೆ ಆಧುನಿಕ ಕಾಲದಲ್ಲಿ ಹೆಚ್ಚು ಬಲ ತಂದವರು ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫಾತಿ. 1940ರ ದಶಕದಲ್ಲಿ ಲಕ್ಸರ್ ಬಳಿ ನ್ಯೂ ಗೂರ್ನಾ ಎಂಬ ಮಣ್ಣಿಟ್ಟಿಗೆಯ ಹಳ್ಳಿ ಕಟ್ಟಿದವರು ಇವರು. 1964ರಲ್ಲಿ ಕೈರೋದಲ್ಲಿ ನಡೆದ ಹೋಲಿಕೆಯ ಅಳತೆಗಳನ್ನು ಅವರು ವಿವರಿಸಿದ್ದಾರೆ. ಮಣ್ಣಿಟ್ಟಿಗೆಯ ಕೋಣೆಯ ಉಷ್ಣಾಂಶ ದಿನವಿಡೀ ಸುಮಾರು 2 ಡಿಗ್ರಿಯಷ್ಟೇ ಏರಿಳಿದರೆ, ಕಾಂಕ್ರೀಟ್ ಫಲಕಗಳ ಕೋಣೆ ಮಧ್ಯಾಹ್ನ ಹೊರಗಿನ ಗಾಳಿಗಿಂತಲೂ ಬಿಸಿಯಾಯಿತು. ಮಣ್ಣಿನ ಪಕ್ಷದವರು ಇದನ್ನು ಬಹಳ ನೆಚ್ಚುತ್ತಾರೆ. ಆದರೆ ಅಲ್ಲಿ ಮಣ್ಣಿನ ಗೋಡೆ ಅರ್ಧ ಮೀಟರ್ ದಪ್ಪ, ಕಾಂಕ್ರೀಟ್ ಫಲಕ 10 ಸೆಂಟಿಮೀಟರ್. ಸ್ಪರ್ಧೆ ನಡೆದದ್ದು ಮಣ್ಣು-ಸಿಮೆಂಟುಗಳ ನಡುವೆ ಎನ್ನುವುದಕ್ಕಿಂತ ದಪ್ಪ-ತೆಳುಗಳ ನಡುವೆ.

ಈ ಭೇದ ನಮ್ಮ ಊರುಗಳಿಗೆ ತುಂಬ ಮುಖ್ಯ. ಛಾವಣಿಯ ಮೇಲಿನ ಶಾಖದ ಅಲೆ ಒಳಮೈಗೆ ಇಳಿಯಲು ಒಂದಡಿ ಮಣ್ಣಿನಲ್ಲಿ ಹತ್ತು ಗಂಟೆಯಷ್ಟು ಹಿಡಿಯುತ್ತದೆ, ಇಳಿಯುವ ಹೊತ್ತಿಗೆ ಹತ್ತರಲ್ಲಿ ಒಂದು ಪಾಲೂ ಉಳಿದಿರುವುದಿಲ್ಲ. ಐದಿಂಚಿನ ಸ್ಲ್ಯಾಬಿನಲ್ಲಿ ಹಿಡಿಯುವುದು ಮೂರು ಗಂಟೆ, ಉಳಿಯುವುದು ಅರ್ಧಕ್ಕೆ ಹತ್ತಿರ. ಮಧ್ಯಾಹ್ನ ಒಂದರ ಬಿಸಿಲು ನಾಲ್ಕಕ್ಕೆ ಒಳಗೆ ಸುರಿಯತೊಡಗುತ್ತದೆ, ಹೊತ್ತು ಮುಳುಗಿದ ಮೇಲೂ ಸ್ಲ್ಯಾಬಿನ ತಳ ತಲೆಯ ಮೇಲೆ ಶಾಖ ಸೂಸುತ್ತಲೇ ಇರುತ್ತದೆ. ಸ್ಲ್ಯಾಬ್ ಮನೆಯ ಕೆಟ್ಟ ಹೊತ್ತು ಸಂಜೆಯಿಂದ ನಡುರಾತ್ರಿ. ಪತ್ರಾಸಿನ ಕಥೆ ಬೇರೆ. ಅದಕ್ಕೆ ದಪ್ಪವೇ ಇಲ್ಲದ್ದರಿಂದ ನಡುಮಧ್ಯಾಹ್ನ ತಾಳಲಾಗದಷ್ಟು ಕಾಯುತ್ತದೆ, ಹೊತ್ತು ಮುಳುಗಿ ಸ್ವಲ್ಪ ಹೊತ್ತಿಗೇ ಹೊರಗಿನ ಗಾಳಿಯ ಮಟ್ಟಕ್ಕೆ ಇಳಿಯುತ್ತದೆ. ಮಲಗುವ ಹೊತ್ತಿನಲ್ಲಿ ಬಡವರ ತಗಡಿನ ಮನೆ ಸಿರಿವಂತರ ಸ್ಲ್ಯಾಬಿಗಿಂತ ಸಹನೀಯವಾಗಿರಬಹುದು. ಹೀಗೆ ಮೂರು ಛಾವಣಿಗಳು ಮೂರು ಹೊತ್ತಿನಲ್ಲಿ ಸೋಲುತ್ತವೆ.

ಹಾಗಾದರೆ ಭಾರವಿಲ್ಲದೆ ದಪ್ಪದ ಗುಣ ಪಡೆಯಬಹುದೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ, ಅಲ್ಲಿ ದುಡಿದ ಕೆ.ಎಸ್. ಜಗದೀಶ್ ಮೊದಲಾದವರು ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ರೂಢಿಗೆ ತಂದರು. ಕೇರಳದಲ್ಲಿ ಲಾರಿ ಬೇಕರ್ ಸ್ಲ್ಯಾಬಿನ ಕೆಳಪಾಲಿನಲ್ಲಿ ಹಂಚು ಹುದುಗಿಸಿ ಕಾಂಕ್ರೀಟನ್ನೂ ಶಾಖವನ್ನೂ ಕಡಿಮೆ ಮಾಡುವ ಛಾವಣಿಯನ್ನು ಜನಪ್ರಿಯಗೊಳಿಸಿದರು. ಇವು ಒಳ್ಳೆಯ ದಾರಿಗಳು. ಇಲ್ಲಿನ ತೊಡಕು ಮಣ್ಣಿನದೇ: ಒತ್ತಿಟ್ಟಿಗೆಗೆ ಮರಳುಮಿಶ್ರಿತ ಕೆಂಪುಮಣ್ಣು ಒಗ್ಗುತ್ತದೆ, ಎರೆಮಣ್ಣು ಒಗ್ಗುವುದಿಲ್ಲ. ಬಸವನ ಬಾಗೇವಾಡಿಯ ಎರೆಹೊಲದ ನಡುವೆ ಕೂತವರು ಮಣ್ಣನ್ನೂ ಲಾರಿಯಲ್ಲಿ ತರಿಸಬೇಕಾಗುತ್ತದೆ. ಅದೇ ಸೀಮೆಯ ಕೂಡಗಿಯ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರದಿಂದ ಬರುವ ಹಾರುಬೂದಿಯ ಇಟ್ಟಿಗೆ, ತಾಳಿಕೋಟೆ ಸೀಮೆಯ ಸುಣ್ಣಕಲ್ಲಿನ ಚಪ್ಪಡಿ, ಇವೆರಡೂ ಇಲ್ಲಿಗೆ ಹತ್ತಿರದ ಸಾಮಗ್ರಿಗಳು. ಬೆಂಗಳೂರಿನಲ್ಲೋ ತಿರುವನಂತಪುರದಲ್ಲೋ ಪಳಗಿದ ವಿಧಾನವನ್ನು ಇದ್ದ ಹಾಗೆ ತರುವ ಬದಲು ಈ ಸಾಮಗ್ರಿಗಳ ಸುತ್ತ ಯೋಚಿಸುವುದು ಮೇಲು.

ಬಿಸಿಲನ್ನು ಹೊರಗೇ ನಿಲ್ಲಿಸುವ ಪಕ್ಷ

ಎರಡನೆಯ ಪಕ್ಷದ ವಾದ ಸರಳ. ಒಳಗೆ ಬಂದ ಶಾಖವನ್ನು ತಡಮಾಡಿಸುವುದೇಕೆ, ಬರಲೇ ಬಿಡಬೇಡಿ. ಕಲಿಫೋರ್ನಿಯಾದ ಲಾರೆನ್ಸ್ ಬರ್ಕಲಿ ಪ್ರಯೋಗಾಲಯದಲ್ಲಿ ಹಷೆಮ್ ಅಕ್ಬರಿ ಮತ್ತು ಸಂಗಡಿಗರು ಬಿಳಿ ಛಾವಣಿಯ ಲಾಭವನ್ನು ದಶಕಗಳ ಕಾಲ ಅಳೆದು ತೋರಿಸಿದರು. ನೆರೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿಗಾಗಿಯೇ ಒಂದು ನೀತಿಯನ್ನು ಹೊರಡಿಸಿತು. ಕರ್ರಗಾದ ಹಳೆಯ ಸ್ಲ್ಯಾಬ್ ಬಿದ್ದ ಬಿಸಿಲಿನ ನೂರರಲ್ಲಿ 70 ಪಾಲನ್ನು ಹೀರುತ್ತದೆ ಎಂದಿಟ್ಟುಕೊಳ್ಳಿ, ಒಳ್ಳೆಯ ಸುಣ್ಣ ಬಳಿದರೆ ಅದು 30ಕ್ಕೆ ಇಳಿಯಬಲ್ಲದು. 25 ಚದರ ಮೀಟರಿನ ಛಾವಣಿಗೆ ಲೆಕ್ಕ ಹಾಕಿದರೆ ನಡುಮಧ್ಯಾಹ್ನ ಹೀರುವ ಶಾಖದಲ್ಲಿ 9 ಕಿಲೋವಾಟ್ ಕಡಿತ. ಅದೆಲ್ಲವೂ ಒಳಗೆ ಬರುತ್ತಿರಲಿಲ್ಲ ನಿಜ, ಬಹುಪಾಲು ಗಾಳಿಗೆ ಮರಳುತ್ತಿತ್ತು. ಆದರೂ ಒಂದು ಚೀಲ ಸುಣ್ಣದಿಂದ ಇಷ್ಟು ಸಾಧಿಸುವ ಮತ್ತೊಂದು ಉಪಾಯ ನನಗೆ ಕಾಣುವುದಿಲ್ಲ. ಹೊಸ ಪತ್ರಾಸು ಹೊಳೆಯುತ್ತದೆ, ಅದಕ್ಕೆ ಬಿಳುಪು ಏಕೆ ಬೇಕು ಎಂದು ಕೇಳುವವರಿದ್ದಾರೆ. ಹೊಳಪಿನ ಲೋಹ ಬಿಸಿಲನ್ನು ತಿರುಗಿಸಿದರೂ, ಹೀರಿದಷ್ಟನ್ನು ಆಕಾಶಕ್ಕೆ ಸೂಸುವಲ್ಲಿ ತೀರ ಜಿಪುಣ. ಸುಣ್ಣಕ್ಕೆ ಎರಡೂ ಗುಣಗಳಿವೆ.

ಆಕ್ಷೇಪ ಇರುವುದು ಬಾಳಿಕೆಯಲ್ಲಿ. ಎರೆಭೂಮಿಯ ಬೇಸಿಗೆ ಎಂದರೆ ಧೂಳು. ಫೆಬ್ರುವರಿಯಲ್ಲಿ ಬಳಿದ ಬಿಳುಪು ಮೇ ಹೊತ್ತಿಗೆ ಮಾಸುತ್ತದೆ. ಛಾವಣಿ ಇಲ್ಲಿ ಖಾಲಿ ಜಾಗವಲ್ಲ, ಮೆಣಸಿನಕಾಯಿ, ಸಂಡಿಗೆ, ಹಪ್ಪಳ, ಕಾಳು ಎಲ್ಲ ಒಣಗುವುದು ಅಲ್ಲೇ, ತುಳಿದಾಟಕ್ಕೆ ಸುಣ್ಣ ಕಿತ್ತುಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಇದು ಸುಣ್ಣವನ್ನು ಬಿಡಲು ಕಾರಣವಲ್ಲ. ಶಿವರಾತ್ರಿ ಕಳೆದ ಮೇಲೆ, ಯುಗಾದಿಗೆ ಮೊದಲು, ಪ್ರತಿ ವರ್ಷದ ಕೆಲಸವೆಂದು ಅದನ್ನು ಲೆಕ್ಕಕ್ಕೆ ಹಿಡಿಯಲು ಕಾರಣ. ಮಾಳಿಗೆಗೂ ಪ್ರತಿ ಮಳೆಗಾಲಕ್ಕೆ ಮುನ್ನ ಮಣ್ಣು ಹಾಕಿ ಬಡಿಯುವ ಕೆಲಸ ಇದ್ದೇ ಇತ್ತು. ಸ್ಲ್ಯಾಬ್ ಎಂದರೆ ಒಮ್ಮೆ ಹಾಕಿ ಮರೆಯುವ ಛಾವಣಿ ಎಂಬ ಕಲ್ಪನೆಯೇ ಇಲ್ಲಿ ತೊಡಕು. ನೆರಳಿನ ಉಪಾಯಗಳೂ ಈ ಪಕ್ಷಕ್ಕೇ ಸೇರಿದವು: ಪತ್ರಾಸಿನ ಮೇಲೆ ತೊಗರಿ ಕಟ್ಟಿಗೆಯನ್ನೋ ಕಣಿಕೆಯನ್ನೋ ಹೊದಿಸುವುದು, ಅಂಗಳಕ್ಕೆ ಚಪ್ಪರ, ಪಡುವಣಕ್ಕೆ ಬೇವು. ಕಟ್ಟಿಗೆಯ ಹೊದಿಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಬೆಂಕಿಯ ಅಪಾಯವೂ ಅದರ ಜೊತೆಗಿದೆ. ಬೇವಿನ ಮರದ ವಿರುದ್ಧ ಯಾವ ವಾದವೂ ಇಲ್ಲ, ಅದು ಬೆಳೆಯಲು ಬೇಕಾದ ಹತ್ತು ವರ್ಷದ ತಾಳ್ಮೆಯೊಂದನ್ನು ಬಿಟ್ಟು.

ನೀರಿನ ಪಕ್ಷ

ವಿಜಯಪುರದಿಂದ ಸಿಂದಗಿಗೆ ಹೋಗುವ ದಾರಿಯಲ್ಲಿರುವ ಕುಮಟಗಿಯಲ್ಲಿ ಆದಿಲ್‌ಶಾಹಿಗಳ ಬೇಸಿಗೆ ಅರಮನೆಯ ಮಂಟಪಗಳು ಇಂದಿಗೂ ನಿಂತಿವೆ. ನೀರನ್ನು ಎತ್ತರಕ್ಕೇರಿಸಿ, ಕೊಳವೆಗಳಲ್ಲಿ ಹರಿಸಿ, ಸಣ್ಣ ತೂತುಗಳಿಂದ ಚಿಮುಕಿಸುತ್ತಿದ್ದ ಅಲ್ಲಿನ ಏರ್ಪಾಟನ್ನು ಹೆನ್ರಿ ಕೌಸೆನ್ಸ್ 1916ರ ತಮ್ಮ ಬಿಜಾಪುರ ಗ್ರಂಥದಲ್ಲಿ ವಿವರಿಸಿದ್ದಾರೆ. ಒಣ ಹವೆಯಲ್ಲಿ ನೀರಿನಷ್ಟು ಚುರುಕಾಗಿ ಶಾಖ ಹೀರುವ ವಸ್ತು ಇನ್ನೊಂದಿಲ್ಲ ಎಂಬ ಅರಿವು ಅರಮನೆಯವರಿಗೂ ಇತ್ತು, ಲಾವಂಚದ ತಟ್ಟಿಗೆ ನೀರು ಚಿಮುಕಿಸುವವರಿಗೂ ಇತ್ತು. ಇವತ್ತಿನ ಕೂಲರ್ ಅದೇ ತತ್ವದ ತಗಡಿನ ಪೆಟ್ಟಿಗೆ. ಹೊರಗೆ 40 ಡಿಗ್ರಿ, ತೇವಾಂಶ ಶೇ. 20 ಇದ್ದಾಗ ಒಳ್ಳೆಯ ಕೂಲರ್ ಬೀಸುವ ಗಾಳಿ 26ರ ಹತ್ತಿರಕ್ಕೆ ಇಳಿಯಬಹುದು. ವಿದ್ಯುತ್ತು ದಿನಕ್ಕೆ ಎರಡು ಯುನಿಟ್ಟಿನ ಸುತ್ತಮುತ್ತ, ಹಾಗಾಗಿ 2023ರಿಂದ ಜಾರಿಯಲ್ಲಿರುವ ಗೃಹಜ್ಯೋತಿಯ 200 ಯುನಿಟ್ಟಿನ ಮಿತಿಯೊಳಗೇ ನಡೆದೀತು. ಬೆಲೆಗೆ ತಕ್ಕ ತಂಪು ಕೊಡುವುದರಲ್ಲಿ ಈ ಹವೆಗೆ ಅದರ ಸಾಟಿಯಿಲ್ಲ.

ಅದು ಕೇಳುವ ಬೆಲೆ ನೀರು. ಗಂಟೆಗೆ 2,000 ಘನ ಮೀಟರ್ ಗಾಳಿ ದೂಡುವ ಕೂಲರ್ ಅಂಥ ಒಣ ಮಧ್ಯಾಹ್ನದಲ್ಲಿ ಗಂಟೆಗೆ ಹತ್ತು-ಹನ್ನೆರಡು ಲೀಟರ್ ಕುಡಿಯುತ್ತದೆ, ಎಂಟು ಗಂಟೆಗೆ ನೂರು ಲೀಟರ್ ಎನ್ನಿ. ಜಲಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಎಂದು ನಿಗದಿ ಮಾಡಿದೆ, ಐದು ಜನರ ಮನೆಗೆ 275. ಕೂಲರಿನ ಪಾಲು ಅದರಲ್ಲಿ ಮೂರನೇ ಒಂದಕ್ಕೂ ಹೆಚ್ಚು. ನಿಂಬೆಯ ಗಿಡ ಉಳಿಸಿಕೊಳ್ಳಲು ಟ್ಯಾಂಕರ್ ನೀರು ಕೊಳ್ಳಬೇಕಾಗಿ ಬರುವ ಇಂಡಿ ಸೀಮೆಯಲ್ಲಿ ಈ ನೂರು ಲೀಟರನ್ನು ಹೊತ್ತು ತರುವವರು ಯಾರು ಎಂದು ಕೇಳದೆ ಕೂಲರನ್ನು ಎಲ್ಲರಿಗೂ ಪರಿಹಾರವೆಂದು ಹೇಳುವುದು ಸರಿಯಲ್ಲ. ಇನ್ನೊಂದು ತಪ್ಪು ಬಳಕೆಯದು. ಕೂಲರ್ ಹಚ್ಚಿ ಕಿಟಕಿ ಬಾಗಿಲು ಮುಚ್ಚಿದರೆ ತೇವ ಒಳಗೇ ತುಂಬಿ ಸೆಕೆಯಾಗುತ್ತದೆ. ಒಳಗೆ ಬಂದಷ್ಟು ಗಾಳಿ ಎದುರು ಕಿಟಕಿಯಿಂದ ಹೊರಗೆ ಹೋಗಬೇಕು.

ಫ್ಯಾನಿನ ಬಗೆಗೂ ಇಲ್ಲೇ ಹೇಳಬೇಕು. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 40 ಡಿಗ್ರಿ ಉಷ್ಣಾಂಶ ಮತ್ತು ಶೇ. 50 ತೇವಾಂಶದಲ್ಲಿ ಫ್ಯಾನ್ ದೇಹದ ಬೇಗೆಯನ್ನು ತಗ್ಗಿಸಿತು. 47 ಡಿಗ್ರಿ ಮತ್ತು ಶೇ. 10 ತೇವಾಂಶದಲ್ಲಿ ಅದೇ ಫ್ಯಾನ್ ಬೇಗೆಯನ್ನು ಹೆಚ್ಚಿಸಿತು. ನಮ್ಮ ಊರುಗಳ ಮೇ ಮಧ್ಯಾಹ್ನ ಈ ಎರಡರ ನಡುವೆ, ಒಣಗಿನ ಕಡೆಗೆ ವಾಲಿದೆ. ಪತ್ರಾಸಿನ ಕೆಳಗೆ ಮಲಗಿದ ಮುದುಕರಿಗೆ ಬರೀ ಫ್ಯಾನ್ ಹಚ್ಚಿಕೊಟ್ಟು ಹೋಗುವುದು ಸಾಲದು, ಒದ್ದೆ ಬಟ್ಟೆಯೂ ಕುಡಿಯಲು ನೀರೂ ಕೈಗೆಟುಕುವಂತಿರಬೇಕು.

ಯಂತ್ರ ಮತ್ತು ರೂಢಿ

ಏಸಿ ಎಲ್ಲ ಹೊತ್ತಿಗೂ ಉತ್ತರ ಕೊಡುತ್ತದೆ, ಒಂದು ಕೋಣೆಗೆ, ಕರೆಂಟ್ ಇದ್ದಾಗ, ಹಣ ಇದ್ದವರಿಗೆ. ದಿನಕ್ಕೆ ಎಂಟು ಗಂಟೆ ನಡೆದರೆ ಅದೊಂದೇ ತಿಂಗಳಿಗೆ 200 ಯುನಿಟ್ ದಾಟಬಲ್ಲದು. ಕಾದ ಸ್ಲ್ಯಾಬಿನ ಕೆಳಗೆ ಅದು ಇನ್ನಷ್ಟು ದುಡಿಯುತ್ತದೆ. ಆಸ್ಪತ್ರೆ, ಬಾಣಂತಿಯ ಕೋಣೆಗಳ ಮಾತು ಬೇರೆ.

ಇದಕ್ಕೆ ಎದುರಾಗಿ ನಿಂತದ್ದು ರೂಢಿಯ ಪಕ್ಷ. ಫರ್ಗಸ್ ನಿಕೋಲ್ ಮೊದಲಾದವರು 1970ರ ದಶಕದಿಂದ ಹೇಳುತ್ತ ಬಂದಂತೆ, ಹಿತ ಎಂಬುದು ಜಗತ್ತಿಗೆಲ್ಲ ಒಂದೇ ಅಂಕಿಯಲ್ಲ. ಜನ ತಮ್ಮ ಹವೆಗೆ ಒಗ್ಗುತ್ತಾರೆ, ಬಟ್ಟೆ ಬದಲಿಸುತ್ತಾರೆ, ಜಾಗ ಬದಲಿಸುತ್ತಾರೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಭಾರತದ ಕಚೇರಿಗಳಲ್ಲಿ ಅಳತೆ ಮಾಡಿ 2014ರಲ್ಲಿ ಇಂಥದೇ ಒಂದು ಭಾರತೀಯ ಮಾದರಿಯನ್ನು ಮುಂದಿಟ್ಟರು. ಮಾಳಿಗೆ ಮನೆಯ ಹಗಲು-ಇರುಳಿನ ಓಡಾಟಕ್ಕೆ ಶಾಸ್ತ್ರದ ಸಮರ್ಥನೆ ಸಿಕ್ಕಿದ್ದು ಈ ಪಕ್ಷದಿಂದಲೇ. ಆದರೆ ಇದರಲ್ಲೊಂದು ಅಪಾಯ ಅಡಗಿದೆ. ‘ಇಲ್ಲಿಯ ಜನಕ್ಕೆ ಬಿಸಿಲು ರೂಢಿ’ ಎಂಬ ಮಾತು ಬಡವರ ಮನೆಗೆ ಏನೂ ಮಾಡದಿರಲು ಸುಲಭದ ನೆಪವಾಗುತ್ತದೆ. ಕೂಸಿಗೆ, ಮುಪ್ಪಿನವರಿಗೆ, ದಿನವಿಡೀ ಹೊಲದಲ್ಲಿ ಕಳೆ ತೆಗೆದು ಬಂದು ರಾತ್ರಿಯೂ ನಿದ್ದೆ ಕಾಣದ ಹೆಂಗಸಿಗೆ ರೂಢಿಯ ಮಿತಿ ಬೇಗ ಮುಗಿಯುತ್ತದೆ. ಕಚೇರಿಯ ಕುರ್ಚಿಯಲ್ಲಿ ಕೂತವರ ಹಿತವನ್ನು ಅಳೆದ ಅಂಕಿಗಳನ್ನು ಇವರ ಮೇಲೆ ಹೊರಿಸಲು ನಾನು ಒಪ್ಪಲಾರೆ.

ಹೊತ್ತಿನ ಲೆಕ್ಕದಲ್ಲಿ ಇವೆಲ್ಲವನ್ನೂ ಕೂಡಿಸಿದರೆ ಈ ಸೀಮೆಗೆ ಹೊಂದುವ ಮನೆಯ ರೂಪ ಒಂದಿಷ್ಟು ಕಾಣುತ್ತದೆ. ಭೂಕಂಪ ತಾಳುವ ಹಗುರ ಛಾವಣಿ, ಅದಕ್ಕೆ ವರ್ಷವರ್ಷವೂ ಸುಣ್ಣ ಅಥವಾ ಮೇಲೊಂದು ನೆರಳು. ಹಗಲು ಮುಚ್ಚಿ ಇರುಳು ತೆರೆಯಲು ಬರುವ, ಸರಳುಗಳ ಭದ್ರತೆಯುಳ್ಳ ಎದುರುಬದುರು ಕಿಟಕಿಗಳು, ಮೇಲೆ ಬೆಳಕಿಂಡಿ. ಮೇಲೇರಲು ಮೆಟ್ಟಿಲು, ಮೇಲೆ ಮಲಗುವ ಹೆಂಗಸರಿಗೂ ಮರೆಯಾಗುವಷ್ಟು ಎತ್ತರದ ಕಟ್ಟೆಗೋಡೆ. ಒಲೆಗೆ ಬೇರೆಯೇ ಜಾಗ. ಯೋಜನೆಯ ಮನೆಗಳಲ್ಲಿ ದುಡ್ಡು ಉಳಿಸಲು ಮೊದಲು ಕೈಬಿಡುವ ಮೆಟ್ಟಿಲು ಮತ್ತು ಕಟ್ಟೆಗೋಡೆ ಇಲ್ಲಿ ಅಲಂಕಾರವಲ್ಲ. ಮಲಗುವ ಕೋಣೆಯೊಂದನ್ನು ಕೊಟ್ಟಷ್ಟೇ ಬೆಲೆ ಅವಕ್ಕಿದೆ.

ತೀರದೆ ಉಳಿದಿರುವುದು

ಈ ರೂಪದ ಬುಡವನ್ನೇ ಅಲುಗಾಡಿಸಬಲ್ಲ ಪ್ರಶ್ನೆಗಳು ಕೆಲವಿವೆ. ಮೊದಲನೆಯದು ಇರುಳಿನದು. ದಪ್ಪ ಗೋಡೆ, ತೆರೆದ ಕಿಟಕಿ, ಮಾಳಿಗೆಯ ನಿದ್ದೆ, ಮೂರೂ ನಂಬಿರುವುದು 25 ಡಿಗ್ರಿಗೆ ಇಳಿಯುವ ರಾತ್ರಿಯನ್ನು. ಹವೆ ಬದಲಾಗುತ್ತ ರಾತ್ರಿಯ ಕನಿಷ್ಠವೇ ಏರತೊಡಗಿದರೆ ಹಗಲಿಗೆ ಒಯ್ಯಲು ತಂಪು ಎಲ್ಲಿಂದ ತರುವುದು? ಭಾರದ ಗೋಡೆ ಆಗ ಉಪಕಾರಿಯೋ ಹೊರೆಯೋ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ.

ಎರಡನೆಯದು ನೀರಾವರಿ. ಕೃಷ್ಣೆಯ ನೀರು ಕಾಲುವೆ ಮತ್ತು ಏತ ನೀರಾವರಿಗಳಿಂದ ಈ ಬಯಲಿಗೆ ಹರಿಯುತ್ತಿದೆ, ಜೋಳದ ಹೊಲ ಕಬ್ಬಾಗುತ್ತಿದೆ. ಬದುಕಿಗೆ ಅದು ಬೇಕೇ ಬೇಕು. ಹಸಿರು ಹೊಲ ಹಗಲಿನ ಉಷ್ಣಾಂಶವನ್ನು ತಗ್ಗಿಸುತ್ತದೆ, ಜೊತೆಗೆ ಗಾಳಿಯ ತೇವವನ್ನು ಹೆಚ್ಚಿಸುತ್ತದೆ. ಭಾರತದಲ್ಲಿ ನೀರಾವರಿಯಿಂದ ತೇವಭರಿತ ಬೇಗೆ ಹೆಚ್ಚುತ್ತದೆಂದು ಗಾಂಧಿನಗರ ಐಐಟಿಯ ವಿಮಲ್ ಮಿಶ್ರಾ ಮತ್ತು ಸಂಗಡಿಗರು 2020ರಲ್ಲಿ ತೋರಿಸಿದ್ದಾರೆ. ಒಣ ಹವೆಯನ್ನೇ ನೆಚ್ಚಿದ ಕೂಲರೂ ಆಕಾಶಕ್ಕೆ ಶಾಖ ಸೂಸುವ ಇರುಳಿನ ಛಾವಣಿಯೂ ತೇವ ಏರಿದಷ್ಟೂ ಮಂಕಾಗುತ್ತವೆ. ಮುದ್ದೇಬಿಹಾಳದ ಕಾಲುವೆ ಬದಿಯ ಊರಿಗೂ ಇಂಡಿಯ ಒಣ ಊರಿಗೂ ಬೇರೆ ಬೇರೆ ಮನೆ ಬೇಕಾದೀತೇ ಎಂಬುದು ನಾಳೆಯ ಪ್ರಶ್ನೆಯಲ್ಲ, ಈಗಲೇ ಕೇಳಬೇಕಾದದ್ದು.

ಮೂರನೆಯದು ಇನ್ನೂ ನಿಂತಿರುವ ಮಾಳಿಗೆಗಳದು. ಅವುಗಳನ್ನು ಕೆಡವಬೇಕೇ, ಕಂಬ-ತೊಲೆಗಳ ಬೆಸುಗೆಯನ್ನು ಬಿಗಿದು, ಮೇಲಿನ ಮಣ್ಣಿನ ಭಾರ ಇಳಿಸಿ ಉಳಿಸಿಕೊಳ್ಳಬಹುದೇ? ಮರದ ಕಂಬಗಳು ಗೋಡೆಯನ್ನು ನೆಚ್ಚದೆ ಛಾವಣಿ ಹೊರುವ ಮನೆ ಒಂದು ಬಗೆ, ಗೋಡೆಯೇ ಹೊರುವ ಮನೆ ಇನ್ನೊಂದು ಬಗೆ. ನಡುಗುವ ನೆಲದಲ್ಲಿ ಎರಡರ ಹಣೆಬರಹ ಒಂದೇ ಅಲ್ಲ. ಮನೆ ದುರಸ್ತಿಗೆ ನೆರವು ಕೊಡುವವರು ಈ ಭೇದ ಮಾಡಬೇಕೇ, ಎಷ್ಟು ಮಣ್ಣು ಇಳಿಸಿದರೆ ಜೀವಕ್ಕೆ ಭಯವಿಲ್ಲದೆ ಹಗಲಿನ ತಂಪೂ ಉಳಿದೀತು, ಆ ಖರ್ಚನ್ನು ಮನೆಯವರು ಹೊರಬೇಕೋ ಸರ್ಕಾರವೋ ಎಂಬುದರ ಬಗ್ಗೆ ಎಂಜಿನಿಯರರೂ ಪಂಚಾಯಿತಿಗಳೂ ಒಂದೆಡೆ ಕೂತು ತೀರ್ಮಾನಿಸುವುದು ಬಾಕಿಯಿದೆ.